ಹುಲ್ಲಿನಡಿಯಲ್ಲೊಂದು ಹಳ್ಳಿ

ಇಂಗ್ಲೆಂಡ್ ಎಂದೊಡನೆ ನಮಗೆ ನೆನಪಾಗುವುದು ಲಂಡನ್ನಿನ ಗಡಿಯಾರ ಗೋಪುರ, ಅರಮನೆಯ ಮುಂದೆ ಕೆಂಪಂಗಿ ತೊಟ್ಟು ನಿಂತ ಕಾವಲುಗಾರರು, ಗಾಜಿನ ಪೆಟ್ಟಿಗೆಯೊಳಗಿನ ಕಿರೀಟಗಳು. ಕೆಲಸಕ್ಕೋ ಓದಿಗೋ ಅಲ್ಲಿಗೆ ಹೋದ ಮಕ್ಕಳು ಕಳಿಸುವ ಫೋಟೋಗಳಲ್ಲೂ ಹೆಚ್ಚಾಗಿ ಇವೇ ಇರುತ್ತವೆ. ಆದರೆ ಆ ದೇಶದ ಉತ್ತರದಲ್ಲಿ, ಯಾರ್ಕ್‌ಶೈರಿನ ಸುಣ್ಣಕಲ್ಲಿನ ಗುಡ್ಡಗಳ ನಡುವೆ ಬೇರೆಯೇ ತರಹದ ಒಂದು ಪ್ರವಾಸಿ ತಾಣವಿದೆ. ಅಲ್ಲಿ ಕೋಟೆಯಿಲ್ಲ, ಅರಮನೆಯಿಲ್ಲ. ಟಿಕೆಟ್ ಕೊಡುವವರಿಲ್ಲ, ಚಹಾದ ಅಂಗಡಿಯೂ ಇಲ್ಲ. ನೋಡಲು ಇರುವುದು ಒಂದು ಹಳ್ಳಿ. ಆ ಹಳ್ಳಿಯೂ ಕಣ್ಣಿಗೆ ಕಾಣುವುದಿಲ್ಲ!

ಊರಿನ ಹೆಸರು ವಾರಂ ಪರ್ಸಿ. ಮಾಲ್ಟನ್ ಎಂಬ ಪುಟ್ಟ ಪಟ್ಟಣದಿಂದ ಆಗ್ನೇಯಕ್ಕೆ ಸುಮಾರು 11 ಕಿಲೋಮೀಟರ್ ದೂರ. ರಸ್ತೆ ಬದಿಯಲ್ಲಿ ಕಾರು ನಿಲ್ಲಿಸಿ, ಒಂದು ಕಿಲೋಮೀಟರಿಗಿಂತ ತುಸು ಹೆಚ್ಚು ದೂರ ಕಾಲುದಾರಿಯಲ್ಲಿ ಇಳಿದು ಹೋಗಬೇಕು. ಮಳೆ ಬಂದರೆ ದಾರಿ ಜಾರುತ್ತದೆ. ಕೆಳಗೆ ಕಣಿವೆಯಲ್ಲಿ ಮಾಡಿಲ್ಲದ ಒಂದು ಹಳೆಯ ಚರ್ಚು, ಅದರ ಹತ್ತಿರ ಒಂದು ಕೊಳ, ಮೇಲೆ ಹಸಿರು ಹುಲ್ಲಿನ ದಿಬ್ಬ. ದಿಬ್ಬದ ಮೇಲೆ ಅಲ್ಲಲ್ಲಿ ಉಬ್ಬು, ಅಲ್ಲಲ್ಲಿ ತಗ್ಗು. ಗೊತ್ತಿಲ್ಲದವರು ದನ ಮೇಯುವ ಬಯಲು ಎಂದುಕೊಂಡು ಹೊರಟುಬಿಡುತ್ತಾರೆ. ಗೊತ್ತಿದ್ದವರು ನಿಂತು ನೋಡುತ್ತಾರೆ. ಆ ಉಬ್ಬುಗಳೆಲ್ಲ ಮನೆಗಳ ಗೋಡೆಗಳು. ಉದ್ದನೆಯ ತಗ್ಗು ಊರಿನ ಬೀದಿ. ಅದರಾಚೆಯ ಚೌಕಗಳು ಹಿತ್ತಿಲುಗಳು.

ಊರು ಹೋಗಿ ಕುರಿ ಬಂತು

1086ರಲ್ಲಿ ಇಂಗ್ಲೆಂಡಿನ ದೊರೆ ತನ್ನ ರಾಜ್ಯದ ಊರುಗಳನ್ನೆಲ್ಲ ಲೆಕ್ಕ ಹಾಕಿಸಿದ ದಾಖಲೆಯಲ್ಲಿ ವಾರಮ್ಮಿನ ಹೆಸರಿದೆ. ಆಮೇಲೆ ಶತಮಾನಗಳ ಕಾಲ ಇಲ್ಲಿ ಜನ ಉತ್ತರು, ಬಿತ್ತರು, ಮಕ್ಕಳನ್ನು ಸಾಕಿದರು. 1348-49ರಲ್ಲಿ ಪ್ಲೇಗ್ ಬಂತು. ಊರು ಸೊರಗಿತಾದರೂ ಸಾಯಲಿಲ್ಲ. ಅದನ್ನು ಕೊನೆಗೆ ಖಾಲಿ ಮಾಡಿಸಿದ್ದು ರೋಗವಲ್ಲ, ಉಣ್ಣೆಯ ಬೆಲೆ. ಹೊಲ ಉಳುವ ರೈತರಿಗಿಂತ ಹುಲ್ಲು ಮೇಯುವ ಕುರಿಗಳಿಂದ ಜಮೀನುದಾರರಿಗೆ ಲಾಭ ಹೆಚ್ಚಾಯಿತು. ಸುಮಾರು 1500ರ ಹೊತ್ತಿಗೆ ಉಳಿದಿದ್ದ ಕೊನೆಯ ಕುಟುಂಬಗಳನ್ನೂ ಎಬ್ಬಿಸಿ ಮನೆಗಳನ್ನು ಕೆಡವಲಾಯಿತು. ಚರ್ಚು ಮಾತ್ರ ಪಕ್ಕದ ಊರಿನವರಿಗಾಗಿ ಮತ್ತೆ ಬಹುಕಾಲ ಉಳಿಯಿತು. ಇಂಗ್ಲೆಂಡಿನಲ್ಲಿ ಹೀಗೆ ಅಳಿದುಹೋದ ಮಧ್ಯಯುಗದ ಹಳ್ಳಿಗಳು ಸುಮಾರು 3,000 ಇವೆ ಎಂದು ಲೆಕ್ಕ.

ಆ ಕುಟುಂಬಗಳು ಎಲ್ಲಿಗೆ ಹೋದವು? ತಲೆಯ ಮೇಲೆ ಪಾತ್ರೆ ಪಗಡೆ ಹೊತ್ತು, ಮಕ್ಕಳ ಕೈಹಿಡಿದು ಈ ದಿಬ್ಬ ಹತ್ತಿದ ಹೆಂಗಸಿನ ಹೆಸರೇನು? ಯಾವ ಪುಸ್ತಕವೂ ಅದನ್ನು ಬರೆದಿಡಲಿಲ್ಲ. ಅಣೆಕಟ್ಟಿಗೋ ಗಣಿಗೋ ಊರು ಬಿಟ್ಟವರನ್ನು ಕಂಡಿರುವ ನಮಗೆ ಈ ಪ್ರಶ್ನೆ ಹೊಸದೇನಲ್ಲ. ಮನೆ ಕಳೆದುಕೊಂಡವರ ಚರಿತ್ರೆ ಬರೆಯಲು ಯಾರಿಗೂ ಪುರುಸೊತ್ತಿರುವುದಿಲ್ಲ. ವಾರಂ ಪರ್ಸಿಯ ವಿಶೇಷವೆಂದರೆ, ನಾಲ್ಕೂವರೆ ಶತಮಾನದ ನಂತರವಾದರೂ ಇಲ್ಲಿಗೆ ಕೆಲವರು ಆ ಪುರುಸೊತ್ತು ಮಾಡಿಕೊಂಡು ಬಂದರು.

ನಲವತ್ತು ಬೇಸಿಗೆಗಳ ಕೆಲಸ

ಮೌರಿಸ್ ಬೆರೆಸ್‌ಫರ್ಡ್ ಎಂಬವರು ಲೀಡ್ಸ್ ವಿಶ್ವವಿದ್ಯಾಲಯದಲ್ಲಿ ಆರ್ಥಿಕ ಇತಿಹಾಸ ಕಲಿಸುತ್ತಿದ್ದರು. ಹಳೆಯ ಕಂದಾಯ ದಾಖಲೆಗಳಲ್ಲಿ ಇರುವ ಊರುಗಳು ಈಗಿನ ನಕ್ಷೆಯಲ್ಲಿ ಏಕಿಲ್ಲ ಎಂದು ಹುಡುಕುತ್ತಾ 1948ರಲ್ಲಿ ಅವರು ಇಲ್ಲಿಗೆ ಬಂದರು. 1950ರಲ್ಲಿ ಅಗೆತ ಶುರುವಾಯಿತು. 1952ರಲ್ಲಿ ಪುರಾತತ್ವಜ್ಞ ಜಾನ್ ಹರ್ಸ್ಟ್ ಜೊತೆಯಾದರು. ಅಲ್ಲಿಂದ 1990ರವರೆಗೆ ಪ್ರತಿ ಬೇಸಿಗೆಯಲ್ಲೂ ಇಲ್ಲಿ ಉತ್ಖನನ ನಡೆಯಿತು. ವಿದ್ಯಾರ್ಥಿಗಳ ಜೊತೆಗೆ ರಜೆ ಹಾಕಿ ಬಂದ ಸಾಮಾನ್ಯ ಜನರೂ ಕರಣೆ ಹಿಡಿದರು.

ಉತ್ಖನನ ಎಂದರೆ ನಿಧಿ ಎಂದೇ ನಮ್ಮ ಕಲ್ಪನೆ. ಅಂಥದ್ದೂ ಇಂಗ್ಲೆಂಡಿನ ಹಳ್ಳಿಗಾಡಿನಲ್ಲಿ ಆಗಿದೆ. 1939ರಲ್ಲಿ ಸಫೋಕ್ ಪ್ರಾಂತದ ಸಟನ್ ಹೂ ಎಂಬಲ್ಲಿ ಎಡಿತ್ ಪ್ರಿಟಿ ಎಂಬ ವಿಧವೆ ತನ್ನ ಜಮೀನಿನ ದಿಬ್ಬವನ್ನು ಅಗೆಸಿದರು. ಅಗೆದವರು ಶಾಲೆ ಅರ್ಧಕ್ಕೆ ಬಿಟ್ಟು ತಾವಾಗಿಯೇ ವಿದ್ಯೆ ಕಲಿತ ಬೇಸಿಲ್ ಬ್ರೌನ್. ಮಣ್ಣಿನೊಳಗೆ 27 ಮೀಟರ್ ಉದ್ದದ ಹಡಗಿನ ಅಚ್ಚು, ಅದರ ನಡುವೆ ರಾಜನೊಬ್ಬನ ಬಂಗಾರ ಸಿಕ್ಕಿತು. ಅದೆಲ್ಲ ಆಕೆಯದೇ ಎಂದು ವಿಚಾರಣೆಯಲ್ಲಿ ತೀರ್ಮಾನವಾದರೂ ಆಕೆ ಅಷ್ಟನ್ನೂ ಬ್ರಿಟಿಷ್ ಮ್ಯೂಸಿಯಮ್ಮಿಗೆ ದಾನ ಮಾಡಿಬಿಟ್ಟರು.

ವಾರಂ ಪರ್ಸಿಯಲ್ಲಿ ಅಂಥ ಯಾವ ಬಂಗಾರವೂ ಇರಲಿಲ್ಲ. ಸಿಕ್ಕಿದ್ದು ಮಡಕೆ ಚೂರು, ಪ್ರಾಣಿಗಳ ಮೂಳೆ, ಮೊಳೆ, ಬೀಗದ ಕೈಗಳಂಥ ಮನೆವಾರ್ತೆಯ ಸಾಮಾನು. ಮನೆಗಳು ಉದ್ದನೆಯವು. ಒಂದು ತುದಿಯಲ್ಲಿ ಜನ, ಇನ್ನೊಂದು ತುದಿಯಲ್ಲಿ ದನ, ಎರಡಕ್ಕೂ ಒಂದೇ ಮಾಡು. ನಡುವೆ ಒಲೆ. ಮಲೆನಾಡಿನ ಹಳೆಯ ಕಾಲದ ಮನೆ ಕಂಡವರಿಗೆ ಇದು ಅಪರಿಚಿತವಲ್ಲ.

ಇಲ್ಲಿಯ ಒಂದು ಸಂಗತಿ ಮಾತ್ರ ಓದಿದ ಮೇಲೆ ಮರೆಯುವುದಿಲ್ಲ. ಈ ಮನೆಗಳ ನೆಲ ಸಮತಟ್ಟಾಗಿರಲಿಲ್ಲ. ನಡುವೆ ಸವೆದು ಬಟ್ಟಲಿನಂತೆ ತಗ್ಗಾಗಿತ್ತು. ಏಕೆಂದು ನೋಡಿದರೆ, ವರ್ಷಾನುಗಟ್ಟಲೆ ದಿನವೂ ಗುಡಿಸಿ ಗುಡಿಸಿ ಪೊರಕೆಯೇ ನೆಲವನ್ನು ಸವೆಸಿತ್ತು! ಮಧ್ಯಯುಗದ ರೈತರೆಂದರೆ ಕೊಳಕಿನಲ್ಲಿ ಬಿದ್ದು ಬದುಕಿದವರು ಎಂದು ಪಟ್ಟಣದ ಪಂಡಿತರು ಬರೆಯುತ್ತಿದ್ದರು. ನೆಲ ಬೇರೆ ಸಾಕ್ಷಿ ಹೇಳಿತು. ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದ ಕೆಲಸ, ಮುಗಿಯಿತೆನ್ನುವಷ್ಟರಲ್ಲಿ ಮತ್ತೆ ಶುರುವಾಗುವ ಕೆಲಸ. ಆ ಕಸಗುಡಿಸುವಿಕೆ ಆರೇಳು ನೂರು ವರ್ಷ ಅಳಿಯದೆ ಉಳಿದಿತ್ತು.

ಮೂಳೆಗಳು ಹೇಳಿದ್ದು

ಚರ್ಚಿನ ಅಂಗಳದಲ್ಲಿ ಸುಮಾರು 690 ಜನರ ಅಸ್ಥಿಗಳು ಸಿಕ್ಕಿದವು. ವರ್ಷಗಟ್ಟಲೆ ಅವುಗಳ ಅಧ್ಯಯನ ನಡೆಯಿತು. ಅದರಲ್ಲಿ ತಾಯಂದಿರು ಕಿವಿಗೊಡಬೇಕಾದ ಹಲವು ವಿಷಯಗಳಿವೆ.

ಎದೆಹಾಲು ಕುಡಿಯುವ ಮಗುವಿನ ಮೂಳೆಯಲ್ಲಿ ಒಂದು ಬಗೆಯ ನೈಟ್ರೋಜನ್ ಅಂಶ ತಾಯಿಯದ್ದಕ್ಕಿಂತ ಹೆಚ್ಚಿರುತ್ತದೆ. ಹಾಲು ಬಿಡಿಸಿದ ಮೇಲೆ ಅದು ಇಳಿಯುತ್ತದೆ. ಇದನ್ನು ಅಳೆದು ನೋಡಿದಾಗ ವಾರಮ್ಮಿನ ತಾಯಂದಿರು ಸುಮಾರು ಒಂದೂವರೆ ವರ್ಷದವರೆಗೆ ಮಕ್ಕಳಿಗೆ ಹಾಲೂಡಿಸುತ್ತಿದ್ದರೆಂದು ತಿಳಿಯಿತು. ಆ ಬಡ ಊರಿನಲ್ಲಿ ಹಸುಗೂಸುಗಳಿಗೆ ಇದ್ದ ದೊಡ್ಡ ಆಸರೆ ಅದೇ. ಹಾಲು ಬಿಟ್ಟ ಮೇಲೆ ಕಷ್ಟ ಶುರು. ಹೊಟ್ಟೆಗೆ ಸಾಲದೆ, ರೋಗಗಳಿಗೆ ತುತ್ತಾಗಿ ಮಕ್ಕಳ ಬೆಳವಣಿಗೆ ಕುಂಠಿತವಾಗುತ್ತಿತ್ತು. ಅಲ್ಲಿಯ 14 ವರ್ಷದ ಮಗುವಿನ ಎತ್ತರ ಇಂದಿನ 10 ವರ್ಷದ ಮಗುವಿನಷ್ಟು.

ವಯಸ್ಸಾದ ಹೆಂಗಸರ ಮೂಳೆಗಳು ಇಂದಿನ ಮಹಿಳೆಯರದ್ದರಂತೆಯೇ ಸವೆದು ಟೊಳ್ಳಾಗಿದ್ದವು. ಅವರೇನೂ ಕುಳಿತು ಉಂಡವರಲ್ಲ, ಜೀವನಪೂರ್ತಿ ದುಡಿದವರು. ಮೂಳೆ ಸವೆತ ಸುಖದ ಜೀವನದಿಂದ ಮಾತ್ರ ಬರುವ ಕಾಯಿಲೆ ಎಂಬ ನಂಬಿಕೆಗೆ ಇದು ಪೆಟ್ಟು ಕೊಟ್ಟಿತು. ಇನ್ನೊಂದು ಸಂಗತಿ. ದೊಡ್ಡವರ ಅಸ್ಥಿಗಳಲ್ಲಿ ಗಂಡಸರದು ಹೆಚ್ಚು, ಹೆಂಗಸರದು ಕಡಿಮೆ. ಹಾಗಾದರೆ ಹೆಣ್ಣುಮಕ್ಕಳು ಎಲ್ಲಿ ಹೋದರು? ಮನೆಗೆಲಸಕ್ಕಾಗಿ ಯಾರ್ಕಿನಂಥ ಪಟ್ಟಣಗಳಿಗೆ ಹೋಗಿರಬೇಕು ಎನ್ನುತ್ತಾರೆ ಸಂಶೋಧಕರು. ದುಡಿಮೆಗಾಗಿ ಮನೆ ಬಿಟ್ಟು ಬೇರೆಯವರ ಅಡುಗೆಮನೆ ಸೇರಿದ ಹುಡುಗಿಯರ ಕಥೆ ಇಂದಿನದಷ್ಟೇ ಅಲ್ಲ.

ಇಲ್ಲಿ ಓದುಗರ ಮನಸ್ಸಿನಲ್ಲಿ ಒಂದು ಪ್ರಶ್ನೆ ಏಳುವುದು ಸಹಜ. ಸತ್ತವರನ್ನು ಗೋರಿಯಿಂದ ಎತ್ತುವುದು ಸರಿಯೇ? ಖಬರ್‌ಸ್ತಾನದ ಮುಂದೆ ಹಾದುಹೋಗುವಾಗ ಸಲಾಮ್ ಹೇಳುವ ನಮಗೆ ಇದು ಕಸಿವಿಸಿಯ ವಿಷಯವೇ. ಇಂಗ್ಲೆಂಡಿನಲ್ಲೂ ಈ ಚರ್ಚೆಯಿದೆ. ಅಲ್ಲಿ ಹೂಳಿದವರ ಅವಶೇಷಗಳನ್ನು ಅನುಮತಿಯಿಲ್ಲದೆ ಮುಟ್ಟುವಂತಿಲ್ಲ. ಇದಕ್ಕೆ 1857ರ ಕಾಯಿದೆಯೇ ಇದೆ. ಕ್ರೈಸ್ತ ಸಮಾಧಿಗಳ ಅವಶೇಷಗಳನ್ನು ಹೇಗೆ ಗೌರವದಿಂದ ಕಾಣಬೇಕೆಂದು ಅಲ್ಲಿಯ ಚರ್ಚು ಮತ್ತು ಪುರಾತತ್ವ ಸಂಸ್ಥೆ ಸೇರಿ 2005ರಲ್ಲಿ ನಿಯಮಗಳನ್ನು ಪ್ರಕಟಿಸಿದವು. ಕೆಲವೆಡೆ ಅಧ್ಯಯನ ಮುಗಿದ ಮೇಲೆ ಮತ್ತೆ ದಫನ ಮಾಡುತ್ತಾರೆ, ಕೆಲವೆಡೆ ಸಂಶೋಧನೆಗಾಗಿ ಕಾಪಿಡುತ್ತಾರೆ. ಆ ತಾಯಂದಿರ ಬಗ್ಗೆ ನಮಗೆ ಗೊತ್ತಾದದ್ದು ಅವರ ಮೂಳೆಗಳಿಂದಲೇ ಎನ್ನುವುದೂ ನಿಜ, ಅವರನ್ನು ಕೇಳಿ ಯಾರೂ ಎತ್ತಲಿಲ್ಲ ಎನ್ನುವುದೂ ನಿಜ.

ಹಿತ್ತಿಲಿನಲ್ಲಿ ಒಂದು ಮೀಟರ್ ಗುಂಡಿ

ಅಳಿದ ಊರನ್ನು ಅಗೆಯಬಹುದು. ಜನ ವಾಸವಿರುವ ಊರುಗಳನ್ನು ಏನು ಮಾಡುವುದು? ಮನೆಗಳನ್ನು ಕೆಡವಲಾದೀತೇ? ಇದಕ್ಕೆ ಅಲ್ಲಿಯವರು ಕಂಡುಕೊಂಡ ಉಪಾಯ ತುಂಬ ಸರಳ. ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ಗುಂಡಿ.

ಮನೆಯವರ ಒಪ್ಪಿಗೆ ಪಡೆದು ಹಿತ್ತಿಲಲ್ಲಿ ಹಗ್ಗ ಕಟ್ಟಿ ಚೌಕ ಗುರುತಿಸುತ್ತಾರೆ. ಹುಲ್ಲಿನ ಪದರವನ್ನು ಚಾಪೆಯಂತೆ ಕತ್ತರಿಸಿ ಪಕ್ಕಕ್ಕಿಡುತ್ತಾರೆ. ಆಮೇಲೆ 10 ಸೆಂಟಿಮೀಟರಿನಷ್ಟೇ ಅಗೆಯುವುದು, ಆ ಮಣ್ಣನ್ನೆಲ್ಲ ಜರಡಿ ಹಿಡಿಯುವುದು, ಸಿಕ್ಕಿದ್ದನ್ನು ಬೇರೆ ಚೀಲದಲ್ಲಿ ಹಾಕಿ ಬರೆದಿಡುವುದು. ಮತ್ತೆ ಮುಂದಿನ 10 ಸೆಂಟಿಮೀಟರ್. ಸಿಕ್ಕ ಚೂರುಗಳನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೊಳೆಯುವ ಕೆಲಸ ಹೆಚ್ಚಾಗಿ ಮಕ್ಕಳದು, ಅಜ್ಜಿಯರದು. ಎರಡು ದಿನದಲ್ಲಿ ಕೆಲಸ ಮುಗಿಸಿ, ಮಣ್ಣು ತುಂಬಿ, ಹುಲ್ಲು ಮೊದಲಿನಂತೆ ಹಾಸಿ ಹೋಗುತ್ತಾರೆ.

ಒಂದು ಗುಂಡಿಯಿಂದ ಹೆಚ್ಚೇನೂ ತಿಳಿಯುವುದಿಲ್ಲ. ಊರಿನ ಮೂವತ್ತು ನಲವತ್ತು ಹಿತ್ತಿಲುಗಳಲ್ಲಿ ಅಗೆದರೆ ಚಿತ್ರ ಮೂಡುತ್ತದೆ. ಮೇಲಿನ ಪದರದಲ್ಲಿ ನೀಲಿ ಚಿತ್ತಾರದ ಪಿಂಗಾಣಿ ಚೂರು, ಅದರ ಕೆಳಗೆ ಹೊಳಪು ಲೇಪದ ಮಣ್ಣಿನ ಪಾತ್ರೆ, ಇನ್ನೂ ಕೆಳಗೆ ಮಸಿ ಹಿಡಿದ ಒರಟು ಗಡಿಗೆ. ಮಡಕೆಯ ಮಣ್ಣು, ಬಾಯಿಯ ಆಕಾರ, ಸುಟ್ಟ ಬಗೆ ಕಾಲಕಾಲಕ್ಕೆ ಬದಲಾಗುತ್ತದೆ. ಹಾಗಾಗಿ ಚೂರು ನೋಡಿದರೆ ಕಾಲ ಹೇಳಬಹುದು. ಎಲ್ಲಿ ಚೂರು ಹೆಚ್ಚೋ ಅಲ್ಲಿ ಜನ ಹೆಚ್ಚು ಇದ್ದರು, ಅಡುಗೆ ಹೆಚ್ಚು ನಡೆಯಿತು.

ಈ ಕೆಲಸವನ್ನು ದೊಡ್ಡದಾಗಿ ಬೆಳೆಸಿದವರು ಕಾರೆನ್ಜಾ ಲೂಯಿಸ್ ಎಂಬ ಮಹಿಳಾ ಪುರಾತತ್ವಜ್ಞೆ. ಟಿವಿಯ ಜನಪ್ರಿಯ ಉತ್ಖನನ ಕಾರ್ಯಕ್ರಮದಿಂದ ಮನೆಮಾತಾಗಿದ್ದ ಅವರು 2005ರಿಂದ ಕೇಂಬ್ರಿಜ್ ವಿಶ್ವವಿದ್ಯಾಲಯದ ಆಶ್ರಯದಲ್ಲಿ ಶಾಲಾ ಮಕ್ಕಳನ್ನೂ ಊರವರನ್ನೂ ಕೂಡಿಸಿಕೊಂಡು ಪೂರ್ವ ಇಂಗ್ಲೆಂಡಿನ ಊರೂರುಗಳಲ್ಲಿ ಗುಂಡಿ ತೋಡಿಸಿದರು. ಸುಮಾರು 55 ಊರುಗಳಲ್ಲಿ ಸುಮಾರು 2,000 ಗುಂಡಿಗಳು. 2016ರಲ್ಲಿ ಅದರ ಫಲಿತಾಂಶ ಪ್ರಕಟವಾಯಿತು. 14ನೇ ಶತಮಾನದ ಪ್ಲೇಗಿನ ಹಿಂದಿನ ಕಾಲಕ್ಕೆ ಹೋಲಿಸಿದರೆ ನಂತರದ ಕಾಲದ ಮಡಕೆ ಚೂರುಗಳು ಸುಮಾರು ಶೇ. 45ರಷ್ಟು ಕಡಿಮೆ! ಕೆಲವು ಊರುಗಳಲ್ಲಿ ಇಳಿತ ಇದಕ್ಕಿಂತಲೂ ಹೆಚ್ಚು. ಆ ಮಹಾಮಾರಿಗೆ ಎಷ್ಟು ಜನ ಸತ್ತರೆಂದು ಇತಿಹಾಸಕಾರರು ಬಹುಕಾಲದಿಂದ ವಾದಿಸುತ್ತಿದ್ದಾರೆ. ಆರಿಹೋದ ಒಲೆಗಳ ಲೆಕ್ಕ ಹಿತ್ತಿಲಿನಲ್ಲೇ ಇತ್ತು. 2020ರ ಕೊರೋನಾ ಕಂಡ ನಮಗೆ ಆ ಶೇಕಡಾವಾರು ಬರೀ ಅಂಕಿಯಾಗಿ ಕಾಣುವುದಿಲ್ಲ.

ಗದ್ದೆಯಲ್ಲಿ ದಿರ್ಹಮ್

ಎಲ್ಲ ಶೋಧಕ್ಕೂ ಅಗೆಯಲೇಬೇಕೆಂದಿಲ್ಲ. ಉಳುಮೆಯಾದ ಹೊಲದಲ್ಲಿ ಸಾಲಾಗಿ ನಡೆದು, ನೆಲದ ಮೇಲೆ ಬಿದ್ದ ಚೂರುಗಳನ್ನು ಹೆಕ್ಕಿ, ಎಲ್ಲಿ ಸಿಕ್ಕಿತೆಂದು ನಕ್ಷೆಯಲ್ಲಿ ಗುರುತಿಸುವುದೂ ಒಂದು ಸರ್ವೆ. ಬರಗಾಲದ ಬೇಸಿಗೆಯಲ್ಲಿ ವಿಮಾನದಿಂದ ನೋಡಿದರೆ ಹೂತ ಗೋಡೆಯ ಮೇಲಿನ ಪೈರು ಬೇಗ ಒಣಗಿ, ಹೂತ ಕಂದಕದ ಮೇಲಿನ ಪೈರು ಹಸಿರಾಗಿ ಉಳಿದು ಹಳೆಯ ಮನೆಗಳ ಗೆರೆ ಎದ್ದು ಕಾಣುತ್ತದೆ. 1976 ಮತ್ತು 2018ರ ಒಣ ಬೇಸಿಗೆಗಳಲ್ಲಿ ಹೀಗೆ ಎಷ್ಟೋ ತಾಣಗಳು ಪತ್ತೆಯಾದವು.

ಲಿಂಕನ್‌ಶೈರಿನಲ್ಲಿ ಟ್ರೆಂಟ್ ನದಿಯ ದಡದ ಟಾರ್ಕ್ಸಿ ಎಂಬ ಹಳ್ಳಿಯ ಹೊಲಗಳಲ್ಲಿ ಸಿಕ್ಕಿದ್ದು ಇನ್ನೂ ಸೋಜಿಗ. ವೈಕಿಂಗ್ ಸೈನ್ಯವೊಂದು 872-73ರ ಚಳಿಗಾಲವನ್ನು ಇಲ್ಲಿ ಕಳೆದಿತ್ತು. ಲೋಹಶೋಧಕ ಯಂತ್ರ ಹಿಡಿದು ಹೊಲ ಸುತ್ತುವ ಹವ್ಯಾಸಿಗಳಿಗೆ ವರ್ಷಗಳಿಂದ ಇಲ್ಲಿ ಪುಟ್ಟ ಪುಟ್ಟ ಬೆಳ್ಳಿ ಚೂರುಗಳು ಸಿಗುತ್ತಿದ್ದವು. ಅವು ಅರಬ್ಬಿ ಅಕ್ಷರಗಳಿರುವ ದಿರ್ಹಮ್ ನಾಣ್ಯಗಳ ತುಂಡುಗಳು! ನೂರಕ್ಕೂ ಹೆಚ್ಚು. ಖಲೀಫರ ಆಡಳಿತದ ನಾಡುಗಳಲ್ಲಿ ಅಚ್ಚಾಗಿ, ರಷ್ಯಾದ ನದಿಗಳ ಮೂಲಕ, ಬಾಲ್ಟಿಕ್ ಕಡಲು ದಾಟಿ ಬಂದ ನಾಣ್ಯಗಳನ್ನು ಇಲ್ಲಿ ಕತ್ತರಿಸಿ ತೂಕದ ಲೆಕ್ಕದಲ್ಲಿ ವ್ಯಾಪಾರಕ್ಕೆ ಬಳಸಿದ್ದರು. ಯಾರ್ಕ್ ಮತ್ತು ಶೆಫೀಲ್ಡ್ ವಿಶ್ವವಿದ್ಯಾಲಯದವರು ಸರ್ವೆ ನಡೆಸಿದಾಗ ಶಿಬಿರ ಸುಮಾರು 55 ಹೆಕ್ಟೇರ್ ಹರಡಿತ್ತೆಂದು ತಿಳಿಯಿತು. ನೂಲುವ ಕದಿರಿನ ಬಿಲ್ಲೆಗಳು, ಸೂಜಿಗಳು ಸಿಕ್ಕಿದ್ದರಿಂದ ಅಲ್ಲಿ ಗಂಡಸರ ದಂಡು ಮಾತ್ರವಲ್ಲ, ಹೆಂಗಸರೂ ಇದ್ದರೆಂದು ಗೊತ್ತಾಯಿತು.

ಹವ್ಯಾಸಿಗಳು ಸಿಕ್ಕಿದ್ದನ್ನು ಮಾರಿಕೊಂಡು ಸುಮ್ಮನಾಗಿದ್ದರೆ ಈ ಯಾವ ವಿಷಯವೂ ತಿಳಿಯುತ್ತಿರಲಿಲ್ಲ. ಇಂಗ್ಲೆಂಡಿನಲ್ಲಿ 1996ರ ಕಾಯಿದೆಯ ಪ್ರಕಾರ ಚಿನ್ನ ಬೆಳ್ಳಿಯ ಹಳೆಯ ನಿಧಿ ಸಿಕ್ಕರೆ 14 ದಿನಗಳೊಳಗೆ ತಿಳಿಸಬೇಕು. ಮ್ಯೂಸಿಯಂ ಕೊಂಡರೆ ಸಿಕ್ಕವರಿಗೂ ಭೂಮಿಯ ಒಡೆಯರಿಗೂ ಬಹುಮಾನ ಸಿಗುತ್ತದೆ. ಉಳಿದ ಸಣ್ಣ ಪುಟ್ಟ ವಸ್ತುಗಳನ್ನು ದಾಖಲಿಸಲು 1997ರಲ್ಲಿ ಬೇರೊಂದು ಯೋಜನೆ ಶುರುವಾಯಿತು. ಜನರೇ ತಂದು ತೋರಿಸಿದ 15 ಲಕ್ಷಕ್ಕೂ ಹೆಚ್ಚು ವಸ್ತುಗಳು ಅದರಲ್ಲಿ ದಾಖಲಾಗಿವೆ.

ಬ್ರಹ್ಮಗಿರಿಯವರೆಗೆ ಬಂದ ವಿದ್ಯೆ

ಇಂಗ್ಲೆಂಡಿನ ಹಳ್ಳಿಗಾಡಿನ ಈ ವಿದ್ಯೆಗೂ ನಮ್ಮ ಚಿತ್ರದುರ್ಗಕ್ಕೂ ಒಂದು ನಂಟಿದೆ. 1934ರಿಂದ 1937ರವರೆಗೆ ಡಾರ್ಸೆಟ್ ಪ್ರಾಂತದ ಮೇಡನ್ ಕಾಸಲ್ ಎಂಬ ಗುಡ್ಡದ ಕೋಟೆಯಲ್ಲಿ ಮಾರ್ಟಿಮರ್ ವೀಲರ್ ಉತ್ಖನನ ನಡೆಸಿದರು. ನೆಲವನ್ನು ಚೌಕ ಚೌಕವಾಗಿ ಭಾಗಿಸಿ, ನಡುವೆ ಮಣ್ಣಿನ ಗೋಡೆ ಬಿಟ್ಟು, ಪದರ ಪದರವಾಗಿ ಅಗೆಯುವುದು ಅವರ ಕ್ರಮ. ಆ ಕೆಲಸದ ಉಸ್ತುವಾರಿಯಲ್ಲಿ, ಹೊಸಬರಿಗೆ ಕಲಿಸುವುದರಲ್ಲಿ ದೊಡ್ಡ ಪಾಲು ಅವರ ಪತ್ನಿ ಟೆಸ್ಸಾ ಅವರದು. ಕೆಲಸ ಮುಗಿಯುವ ಮೊದಲೇ, 1936ರಲ್ಲಿ ಆಕೆ ತೀರಿಕೊಂಡರು. ಹೆಸರು ಮಾತ್ರ ಹೆಚ್ಚಾಗಿ ಗಂಡನದೇ ಉಳಿಯಿತು.

1944ರಲ್ಲಿ ವೀಲರ್ ಭಾರತದ ಪುರಾತತ್ವ ಇಲಾಖೆಯ ಮುಖ್ಯಸ್ಥರಾಗಿ ಬಂದರು. 1947ರಲ್ಲಿ ಮೊಳಕಾಲ್ಮೂರು ತಾಲೂಕಿನ ಬ್ರಹ್ಮಗಿರಿಯಲ್ಲೂ ಚಿತ್ರದುರ್ಗದ ಚಂದ್ರವಳ್ಳಿಯಲ್ಲೂ ಅಗೆಸಿದರು. ಅಲ್ಲಿ ಕಾಲ ನಿರ್ಣಯಕ್ಕೆ ನೆರವಾದದ್ದೂ ಮಡಕೆ ಚೂರುಗಳೇ. ಪಾಂಡಿಚೇರಿ ಬಳಿಯ ಅರಿಕಮೇಡುವಿನಲ್ಲಿ ರೋಮನ್ ಪಾತ್ರೆಗಳ ಜೊತೆ ಸಿಕ್ಕಿದ್ದ ಒಂದು ಬಗೆಯ ಗೆರೆಚಿತ್ತಾರದ ಮಡಕೆ ಇಲ್ಲಿಯೂ ಸಿಕ್ಕಿತು. ಅದರಿಂದ ಕರ್ನಾಟಕದ ಆ ಪದರ ಕ್ರಿಸ್ತಶಕ 1ನೇ ಶತಮಾನದ್ದೆಂದು ತಿಳಿಯಿತು. ವಾರಂ ಪರ್ಸಿಯವರು ಮುಂದೆ ವೀಲರ್ ಅವರ ಚೌಕಗಳನ್ನು ಕೈಬಿಟ್ಟು ಇಡೀ ಮನೆಯನ್ನೇ ಒಟ್ಟಿಗೆ ಬಯಲು ಮಾಡುವ ಕ್ರಮ ಹಿಡಿದರು. ಬಡವರ ಮನೆಯ ತೆಳು ಗೋಡೆಗಳು ಚೌಕದೊಳಗೆ ತುಂಡಾಗಿ ಕಂಡರೆ ಅರ್ಥವಾಗುತ್ತಿರಲಿಲ್ಲ. ಕೋಟೆ ಹುಡುಕುವವರಿಗೆ ಸಾಕಾದ ದಾರಿ ಗುಡಿಸಲು ಹುಡುಕುವವರಿಗೆ ಸಾಕಾಗಲಿಲ್ಲ.

ಹೋಗುವವರಿಗೆ

ವಾರಂ ಪರ್ಸಿಗೆ ಹೋಗುವುದಾದರೆ ಬೂಟು ಗಟ್ಟಿಯಿರಲಿ, ಬುತ್ತಿ ನೀರು ಕೈಯಲ್ಲಿರಲಿ. ದನಗಳು ಮೇಯುತ್ತಿರುತ್ತವೆ, ಚಿಕ್ಕ ಮಕ್ಕಳನ್ನು ಹತ್ತಿರ ಇರಿಸಿಕೊಳ್ಳಿ. ನಡು ಮಧ್ಯಾಹ್ನಕ್ಕಿಂತ ಸಂಜೆ ಹೋಗುವುದು ಒಳ್ಳೆಯದು. ಇಳಿಬಿಸಿಲಿಗೆ ಉಬ್ಬುಗಳ ನೆರಳು ಉದ್ದವಾಗಿ ಬಿದ್ದು ಮನೆ ಮನೆಯೂ ಬೀದಿಯೂ ತಾನಾಗಿ ಕಾಣತೊಡಗುತ್ತದೆ.

ಹೋಗಲಾಗದವರು ನಮ್ಮಲ್ಲಿ ಹೆಚ್ಚು. ಅವರೂ ತಮ್ಮ ಹಿತ್ತಿಲಲ್ಲಿ ಬಾವಿಗೋ ಅಡಿಪಾಯಕ್ಕೋ ಅಗೆಯುವಾಗ ಮಡಕೆ ಚೂರು, ಹಳೆಯ ನಾಣ್ಯ ಬಂದರೆ ಎಸೆಯುವ ಮುನ್ನ ಒಂದು ಗಳಿಗೆ ನಿಲ್ಲಬಹುದು. ನಮ್ಮಲ್ಲೂ 1878ರ ಕಾಯಿದೆಯಿದೆ. ಮಣ್ಣಿನಲ್ಲಿ ಹುದುಗಿದ್ದ ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ವಸ್ತು ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕು. ಬೆಲೆಯಿಲ್ಲದ ಚೂರಿಗೆ ಯಾವ ಕಾಯಿದೆಯೂ ಬೇಡ. ಅದರ ಹೊರಮೈಯಲ್ಲಿ ಮಸಿ ಇದೆಯೇ ಎಂದು ನೋಡಿ, ಮಕ್ಕಳಿಗೂ ತೋರಿಸಿ. ಇದ್ದರೆ ಅದು ಒಲೆಯ ಮೇಲೆ ಕುಳಿತಿದ್ದ ಪಾತ್ರೆ. ಅದರಲ್ಲಿ ಯಾರೋ ಒಬ್ಬಾಕೆ ಮನೆಮಂದಿಗಾಗಿ ಗಂಜಿ ಕಾಯಿಸಿದ್ದಳು.